ಹೊತ್ತಗೆಯ ಒಡೆತನ

ಅಚ್ಚಾದ ಪುಸ್ತಕವು ಮೇಲೋ, ವಿದ್ಯುತ್ಪರದೆಯ ಮೇಲಿನ ಓದು ಮೇಲೋ ಎಂಬ ಚರ್ಚೆಯು ಈಚಿನ ವರ್ಷಗಳಲ್ಲಿ ವಿದ್ಯಾವಂತರ ಮನೆಗಳಲ್ಲಿಯೂ ಸಾಹಿತ್ಯಸಭೆಗಳಲ್ಲಿಯೂ ಮತ್ತೆ ಮತ್ತೆ ಏಳುತ್ತಿದೆ. ಆದರೆ ಅದು ನಡೆಯುವ ರೀತಿಯನ್ನು ನೋಡಿದರೆ ಉಭಯ ಪಕ್ಷದವರೂ ತಮ್ಮ ತಮ್ಮ ಸುಖವನ್ನು ಕುರಿತೇ ಮಾತನಾಡುತ್ತಿರುವಂತೆ ತೋರುತ್ತದೆ. ಒಬ್ಬರು ಹೊಸ ಕಾಗದದ ಕಂಪನ್ನೂ ಹಾಳೆ ಮಗುಚುವ ಸದ್ದನ್ನೂ ಕೊಂಡಾಡುತ್ತಾರೆ. ಇನ್ನೊಬ್ಬರು ಅಂಗೈಯಗಲದ ಸಾಧನದೊಳಗೆ ಸಾವಿರ ಗ್ರಂಥಗಳು ಅಡಗುವ ಸೋಜಿಗವನ್ನು ವರ್ಣಿಸುತ್ತಾರೆ. ಆ ಕಂಪು ಎಷ್ಟು ದಿನದ್ದು? ಎರಡು ಮಳೆಗಾಲ ಕಳೆದರೆ ಮಲೆನಾಡಿನ ಕಪಾಟಿನಲ್ಲಿ ಉಳಿಯುವುದು ಬೂಷ್ಟಿನ ವಾಸನೆ. ಸಾವಿರ ಗ್ರಂಥಗಳ ಮಾತಾದರೆ, ಅವನ್ನು ಓದುವ ಕಣ್ಣು ಎರಡೇ. ಇವು ವಿಮರ್ಶೆಗೆ ನಿಲ್ಲುವ ವಾದಗಳಲ್ಲ. ವಿಚಾರಿಸಬೇಕಾದ ಪ್ರಶ್ನೆ ಬೇರೊಂದಿದೆ: ಓದುವವನ ಕೈಯಲ್ಲಿರುವ ಗ್ರಂಥವು ಯಾರದು? ಈ ಪ್ರಶ್ನೆಯು ವ್ಯಾಪಾರಕ್ಕೆ ಮಾತ್ರ ಸಂಬಂಧಿಸಿದುದೆಂದು ತೋರಬಹುದು. ಹಾಗಲ್ಲ, ಸಾಹಿತ್ಯವು ಉಳಿಯುವ ಬಗೆಗೂ, ಕಾವ್ಯವು ಓದುಗನ ಕಣ್ಣಿಗೆ ಬೀಳುವ ರೂಪಕ್ಕೂ ಅದು ಹತ್ತಿರದ ನಂಟುಳ್ಳದ್ದು.

ಪುಸ್ತಕವನ್ನು ಕೊಂಡವನಿಗೆ ಸಲ್ಲುವ ಹಕ್ಕಿನ ವಿಷಯದಲ್ಲಿ ಅಮೆರಿಕದ ಒಂದು ಮೊಕದ್ದಮೆ ಪ್ರಸಿದ್ಧವಾಗಿದೆ. ಬಾಬ್ಸ್-ಮೆರಿಲ್ ಎಂಬ ಪ್ರಕಾಶಕರು ತಮ್ಮದೊಂದು ಕಾದಂಬರಿಯನ್ನು ಒಂದು ಡಾಲರಿಗಿಂತ ಕಡಮೆಗೆ ಯಾರೂ ಮಾರಕೂಡದೆಂದು ಪುಸ್ತಕದೊಳಗೇ ಅಚ್ಚುಮಾಡಿಸಿದ್ದರು. ಸ್ಟ್ರೌಸ್ ಎಂಬ ವರ್ತಕರು ಅದನ್ನು 89 ಸೆಂಟಿಗೆ ಮಾರಿದರು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಪ್ರತಿಯೊಂದನ್ನು ಒಮ್ಮೆ ಮಾರಿದ ಮೇಲೆ ಅದರ ಮುಂದಿನ ಮಾರಾಟದಲ್ಲಿ ಪ್ರಕಾಶಕನ ಅಧಿಕಾರವು ಮುಗಿಯಿತೆಂದು 1908ರಲ್ಲಿ ತೀರ್ಪಾಯಿತು. ಭಾರತದ 1957ರ ಗ್ರಂಥಸ್ವಾಮ್ಯ ಶಾಸನವೂ, ಒಮ್ಮೆ ಚಲಾವಣೆಗೆ ಬಂದ ಪ್ರತಿಯನ್ನು ಸಾರ್ವಜನಿಕರಿಗೆ ಒದಗಿಸುವ ಹಕ್ಕನ್ನು ಗ್ರಂಥಕರ್ತನ ಕೈಯಲ್ಲಿ ಉಳಿಸಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳನ್ನು ಹರಡಿಕೊಂಡು ಕುಳಿತ ವ್ಯಾಪಾರಿಯು ಯಾವ ಪ್ರಕಾಶಕನ ಅಪ್ಪಣೆಯನ್ನೂ ಕೇಳಬೇಕಾಗಿಲ್ಲದಿರುವುದು ಈ ನ್ಯಾಯದಿಂದಲೇ.

ಇ-ಪುಸ್ತಕಕ್ಕೆ ಈ ನ್ಯಾಯವು ಸಲ್ಲುವುದಿಲ್ಲ. ಅಮೆಜಾನ್ ಸಂಸ್ಥೆಯ ಕಿಂಡಲ್ ಸಾಧನವು 2007ರಲ್ಲಿ ಪೇಟೆಗೆ ಬಂದಿತು. ಎರಡೇ ವರ್ಷಗಳಲ್ಲಿ, ಎಂದರೆ 2009ರ ಜುಲೈ ತಿಂಗಳಿನಲ್ಲಿ, ಜಾರ್ಜ್ ಆರ್ವೆಲ್ಲನ ಎರಡು ಗ್ರಂಥಗಳ ಪ್ರತಿಗಳನ್ನು ಆ ಸಂಸ್ಥೆಯು ಕೊಂಡವರ ಸಾಧನಗಳಿಂದ ದೂರದಿಂದಲೇ ಅಳಿಸಿಹಾಕಿತು. ಅವನ್ನು ಮಾರಾಟಕ್ಕೆ ಇಟ್ಟವರಿಗೆ ಆ ಹಕ್ಕು ಇರಲಿಲ್ಲವೆಂಬುದು ಕಾರಣ. ಹಣವೇನೋ ಹಿಂದಿರುಗಿತು, ಸಂಸ್ಥೆಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಅಳಿಸಿದ ಗ್ರಂಥಗಳಲ್ಲೊಂದು, ಹಳೆಯ ಬರೆವಣಿಗೆಯನ್ನು ಸರ್ಕಾರವೇ ಅಳಿಸಿ ತಿದ್ದುವ ರಾಜ್ಯವೊಂದರ ಕಥೆಯಾದ 'ನೈನ್‌ಟೀನ್ ಎಯ್ಟಿಫೋರ್' ಎಂಬುದು ವಿಧಿಯ ವಿನೋದ. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿದಾಗ, ಅಲ್ಲಿ ಕೊಂಡವರ ಪುಸ್ತಕಗಳೆಲ್ಲ ಅಂಗಡಿಯೊಡನೆಯೇ ಹೋದುವು. ಅಲ್ಲಿಯೂ ಹಣ ಹಿಂದಿರುಗಿತು. ಅದೇ ವರ್ಷ ಐರೋಪ್ಯ ಒಕ್ಕೂಟದ ನ್ಯಾಯಾಲಯವು, ಬಳಸಿದ ಇ-ಪುಸ್ತಕವನ್ನು ಮತ್ತೊಬ್ಬರಿಗೆ ಮಾರುವುದಕ್ಕೆ ಅಚ್ಚಿನ ಪುಸ್ತಕದ ನಿಯಮವು ಅನ್ವಯಿಸದೆಂದು ತೀರ್ಮಾನಿಸಿತು. ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಶಾಸನವು ಇನ್ನೂ ನೇರವಾಗಿದೆ: ಕೊಡುತ್ತಿರುವುದು ಬರಿಯ ಪರವಾನಗಿಯೆಂದು ಸ್ಪಷ್ಟವಾಗಿ ತಿಳಿಸದೆ, ಇಂತಹ ಸರಕಿಗೆ 'ಕೊಳ್ಳಿರಿ' ಎಂಬ ಮಾತನ್ನು ವರ್ತಕನು ಬಳಸಕೂಡದು. ಒಂದು ಕ್ರಿಯಾಪದದ ಅರ್ಥವನ್ನು ಕಾಯುವುದಕ್ಕೆ ಶಾಸನವೇ ಬೇಕಾಯಿತೆಂದರೆ ವೈಯಾಕರಣರು ಸಂತೋಷಪಡಬೇಕೋ ನಾಚಬೇಕೋ ತಿಳಿಯದು.

ದೂರದ ದೇಶಗಳ ವರ್ತಕರ ಈ ವ್ಯವಹಾರವು ಕನ್ನಡ ಸಾಹಿತ್ಯಕ್ಕೆ ಏಕೆ ಸಂಬಂಧಿಸಬೇಕೆಂದು ಕೇಳಬಹುದು. ಕನ್ನಡದ ಗ್ರಂಥಗಳು ಇಂದಿನವರೆಗೆ ಉಳಿದು ಬಂದ ಬಗೆಯನ್ನು ಸ್ವಲ್ಪ ನೆನೆದರೆ ಸಂಬಂಧವು ತಾನೇ ಹೊಳೆಯುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿಯೆನಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ರನ್ನನು ಅಜಿತಪುರಾಣವನ್ನು ರಚಿಸಿದುದು ಈ ಮಹಾತಾಯಿಯ ಆಶ್ರಯದಲ್ಲಿಯೇ, ಕ್ರಿ.ಶ. 993ರಲ್ಲಿ. ಅತ್ತಿಮಬ್ಬೆಯ ಕಾರ್ಯವನ್ನು ಭಕ್ತಿಯ ಉದಾಹರಣೆಯೆಂದು ಹೊಗಳುವುದು ವಾಡಿಕೆ. ಅದರಲ್ಲಿ ಅಡಗಿರುವ ಲೋಕಜ್ಞಾನವನ್ನು ಗಮನಿಸಿದವರು ಕಡಮೆ. ಗ್ರಂಥವೊಂದನ್ನು ಉಳಿಸಬೇಕಾದರೆ ಅದನ್ನು ಒಂದು ಭಂಡಾರದಲ್ಲಿ ಬೀಗ ಹಾಕಿಡುವುದಲ್ಲ, ಸಾವಿರ ಜನರನ್ನು ಅದಕ್ಕೆ ಒಡೆಯರನ್ನಾಗಿ ಮಾಡುವುದೆಂಬುದನ್ನು ಆಕೆ ಬಲ್ಲವಳಾಗಿದ್ದಳು. ಶಾಸ್ತ್ರದಾನವೆಂಬ ಮಾತಿನಲ್ಲಿ ದಾನವೆಂಬುದು ನಿಜವಾದ ದಾನವೇ; ಕೊಟ್ಟವನಿಗೆ ಅದರ ಮೇಲೆ ಮತ್ತೆ ಹಕ್ಕಿಲ್ಲ.

ಕವಿರಾಜಮಾರ್ಗವು 1898ರಲ್ಲಿ ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ ಅಚ್ಚಾಗುವವರೆಗೆ ಸಾವಿರ ವರ್ಷಗಳ ಕಾಲ ಬದುಕಿದ್ದುದು ಎಲ್ಲೋ ಕೆಲವರ ಬಳಿ ಉಳಿದ ಓಲೆಪ್ರತಿಗಳಲ್ಲಿ. ವಚನಗಳ ಕಥೆಯೂ ಹೀಗೆಯೇ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮಠಗಳನ್ನೂ ಮನೆಗಳನ್ನೂ ಸುತ್ತಿ, ಪೂಜೆಯ ಜಗಲಿಯ ಮೇಲಿದ್ದ ಕಟ್ಟುಗಳನ್ನು ಬಿಚ್ಚಿಸಿ, ನಕಲುಮಾಡಿಕೊಂಡು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕವೆಂಬ ಅಚ್ಚುಕೂಟವನ್ನೇ ಸ್ಥಾಪಿಸಿದರು. ಆ ಕಟ್ಟುಗಳನ್ನು ಇಟ್ಟುಕೊಂಡಿದ್ದ ಮನೆಗಳವರಲ್ಲಿ ಎಷ್ಟೋ ಮಂದಿ ಅವುಗಳ ಒಂದು ಗರಿಯನ್ನೂ ಓದಿದವರಲ್ಲ. ಗಂಧಾಕ್ಷತೆಯನ್ನು ಏರಿಸಿದವರು ಮಾತ್ರ. ಓದದೆ ಪೂಜಿಸುವವರನ್ನು ವಿದ್ವಾಂಸರು ಹಾಸ್ಯಮಾಡುವುದುಂಟು. ಆದರೆ ಆ ಓದದ ಒಡೆಯರು ಇಲ್ಲದಿದ್ದರೆ ಓದುವ ವಿದ್ವಾಂಸರಿಗೆ ಬಿಚ್ಚಲು ಕಟ್ಟೇ ಇರುತ್ತಿರಲಿಲ್ಲ. ಒಡೆತನವು ಹಲವು ಕೈಗಳಲ್ಲಿ ಚೆದರಿದ್ದುದರಿಂದ ಒಂದು ಮನೆಯ ಗೆದ್ದಲು ಇನ್ನೊಂದು ಮನೆಯ ಪ್ರತಿಯನ್ನು ಮುಟ್ಟಲಿಲ್ಲ. ಎಲ್ಲರ ಪ್ರತಿಗಳೂ ಒಂದೇ ವರ್ತಕನ ಒಂದೇ ಉಗ್ರಾಣದಲ್ಲಿ ಇದ್ದು, ಓದುಗರ ಕೈಯಲ್ಲಿ ಅದರ ಕಿಂಡಿ ಮಾತ್ರ ಇರುವ ವ್ಯವಸ್ಥೆಯಲ್ಲಿ ಈ ರಕ್ಷೆಯಿಲ್ಲ.

ಇನ್ನು ಕಾವ್ಯದ ರೂಪದ ವಿಚಾರ. ಪಾಠವು ಒಂದೇ, ಅದನ್ನು ಕಾಗದದ ಮೇಲೆ ಓದಿದರೇನು ಪರದೆಯ ಮೇಲೆ ಓದಿದರೇನು ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಕಾದಂಬರಿಯ ಮಟ್ಟಿಗೆ ಇದನ್ನು ಒಪ್ಪಬಹುದು. ಗದ್ಯದ ಸಾಲು ಎಲ್ಲಿ ಮುರಿದರೂ ಕಥೆಗೆ ಹಾನಿಯಿಲ್ಲ. ಷಟ್ಪದಿಯ ಮಾತು ಬೇರೆ. ಭಾಮಿನೀ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು ನಾಲ್ಕರ ಗಣಗಳಿಂದ 14 ಮಾತ್ರೆಗಳು. ಮೂರು ಮತ್ತು ಆರನೆಯ ಪಾದಗಳಲ್ಲಿ ಅದೇ ನಡೆಯು ಒಂದೂವರೆಯಷ್ಟಾಗಿ, ಕೊನೆಗೊಂದು ಗುರು ಸೇರಿ 23 ಮಾತ್ರೆಗಳು. ವಾರ್ಧಕದಲ್ಲಿ ಗಿಡ್ಡ ಪಾದಕ್ಕೆ 20, ನೀಳಪಾದಕ್ಕೆ 32. ಎರಡು ಹೆಜ್ಜೆ ಗಿಡ್ಡ, ಒಂದು ನೀಳ. ಮತ್ತೆ ಎರಡು ಗಿಡ್ಡ, ಒಂದು ನೀಳ: ಇದೇ ಆ ಪದ್ಯದ ಉಸಿರು. ಅದಲ್ಲದೆ ಆರು ಪಾದಗಳಲ್ಲಿಯೂ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಪ್ರಾಸವಾಗಿ ನಿಲ್ಲಬೇಕು. ಅಚ್ಚಿನ ಪುಟದಲ್ಲಿ ಪಾದಗಳು ಒಂದರ ಕೆಳಗೊಂದು ಬಂದಾಗ, ಎಡಗಡೆಯ ಅಂಚಿನಲ್ಲಿ ಆ ಪ್ರಾಸಾಕ್ಷರವು ಮೇಲಿಂದ ಕೆಳಗೆ ಮಣಿಯ ಸರದಂತೆ ಇಳಿಯುವುದನ್ನು ಎಳೆಯರೂ ಬೆರಳಿಟ್ಟು ತೋರಿಸಬಲ್ಲರು. ನೀಳಪಾದಗಳೆರಡೂ ಬಲಕ್ಕೆ ಚಾಚಿ ಪದ್ಯವು ಎಲ್ಲಿ ತಂಗುತ್ತದೆಂಬುದನ್ನು ಕಣ್ಣಿಗೇ ತಿಳಿಸುತ್ತವೆ.

ಈ ಪದ್ಯವನ್ನು ಮೊಬೈಲಿನ ಪರದೆಗೆ ತಂದರೆ ಏನಾಗುತ್ತದೆ? ಪರದೆಯ ಅಗಲಕ್ಕೆ ತಕ್ಕಂತೆ ಸಾಲನ್ನು ತಾನೇ ಮುರಿಯುವ ಇ-ಪುಸ್ತಕದಲ್ಲಿ, ವಯಸ್ಸಾದವರು ಅಕ್ಷರವನ್ನು ಕೊಂಚ ದೊಡ್ಡದು ಮಾಡಿಕೊಂಡರೆ ಸಾಕು, ವಾರ್ಧಕದ 32 ಮಾತ್ರೆಯ ಪಾದವು ಎರಡು ತುಂಡಾಗುತ್ತದೆ. ಕೆಲವೊಮ್ಮೆ ಪದದ ನಡುವೆಯೇ. ಆರು ಪಾದದ ಪದ್ಯವು ಎಂಟು ಒಂಬತ್ತು ಸಾಲಾಗಿ, ತುಂಡಿನ ತಲೆಗಳು ಪ್ರಾಸದ ಸರದೊಳಗೆ ಕಲ್ಲುಗಳಂತೆ ಸೇರಿಕೊಳ್ಳುತ್ತವೆ. ಜೈಮಿನಿ ಭಾರತವನ್ನು ಹೀಗೆ ಮೊದಲ ಬಾರಿಗೆ ಓದುವ ವಿದ್ಯಾರ್ಥಿಗೆ ಅದು ಪದ್ಯವೆಂದು ಗೊತ್ತಾಗುವುದು ಪದ್ಯದ ಅಂಕಿಯಿಂದ ಮಾತ್ರ. ಅಚ್ಚಿನ ಪುಟದ ಛಾಯಾಪ್ರತಿಯನ್ನೇ ಇಟ್ಟುಕೊಂಡರೆ ಪಾದಗಳು ಮುರಿಯುವುದಿಲ್ಲ, ನಿಜ. ಆದರೆ ಅಕ್ಷರವು ಸಾಸಿವೆಯಷ್ಟಾಗುತ್ತದೆ, ಹಿಗ್ಗಿಸಿದರೆ ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯುತ್ತ ಓದಬೇಕಾಗುತ್ತದೆ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಮರೆಸಬಾರದು. ಕುಮಾರವ್ಯಾಸನ ಕಾಲದ ಓಲೆಗರಿಯಲ್ಲಿಯೂ ಪಾದಗಳನ್ನು ಬಿಡಿಸಿ ಬರೆಯುತ್ತಿರಲಿಲ್ಲ. ಗರಿಯ ಅಂಚು ಮುಟ್ಟಿದಲ್ಲಿ ಸಾಲು ಮುಗಿಯುತ್ತಿತ್ತೇ ಹೊರತು ಪಾದ ಮುಗಿದಲ್ಲಿ ಅಲ್ಲ. ಹಾಗಾದರೆ ಪರದೆಯು ಹೊಸದಾಗಿ ಕೆಡಿಸಿದುದೇನು? ಉತ್ತರವು ಓದುವವನ ಕಿವಿಯಲ್ಲಿದೆ. ಓಲೆಯನ್ನು ಹಿಡಿದವನು ಗಮಕಿ. ಭಾಮಿನಿಯ ನಡೆಯು ಅವನ ಕಿವಿಯಲ್ಲಿ ಮೊದಲೇ ನೆಲೆಸಿತ್ತು, ಗರಿಯು ಬರಿಯ ನೆನಪಿನ ಆಸರೆ. ಊರಿನ ಜಗಲಿಯ ಮೇಲೆ ಒಬ್ಬನು ಓದಿ ನೂರು ಮಂದಿ ಕೇಳುತ್ತಿದ್ದ ಆ ವಾಚನದ ಪದ್ಧತಿಯು ಕುಗ್ಗಿ, ಒಬ್ಬೊಬ್ಬನೇ ಮೌನವಾಗಿ ಓದುವ ಕಾಲ ಬಂದಾಗ, ಕಿವಿಯು ಕಳೆದುಕೊಂಡುದನ್ನು ಮುದ್ರಣವು ಕಣ್ಣಿಗೆ ಕಟ್ಟಿಕೊಟ್ಟಿತು. ಈಗಿನ ಪರದೆಯು ಕಣ್ಣಿನಿಂದಲೂ ಅದನ್ನು ಕಸಿದುಕೊಂಡು, ಕಿವಿಗೆ ಹಿಂದಿರುಗಿಸದೆ ಹೋಗುತ್ತದೆ. ಓಲೆಗರಿಯ ಕಾಲದ ತೊಡಕು ಮರಳಿತು. ಆ ಕಾಲದ ಗಮಕಿಯು ಮರಳಲಿಲ್ಲ. 8,000ಕ್ಕೂ ಮಿಕ್ಕ ಪದ್ಯಗಳ ಗದುಗಿನ ಭಾರತವನ್ನು, ಮಾಸ್ತಿಯವರೂ ಕುವೆಂಪುರವರೂ ಸಂಪಾದಿಸಿ 1958ರಲ್ಲಿ ಮೈಸೂರು ಸರ್ಕಾರವು ಸುಲಭಬೆಲೆಗೆ ಮನೆಮನೆಗೂ ಮುಟ್ಟಿಸಿದುದರ ಹಿರಿಮೆಯನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಹಳಗನ್ನಡದ ಅಕ್ಷರಗಳ ಪಾಡು ಇನ್ನೂ ಒಂದು ತೆರ. ಱ, ೞ ಎಂಬ ಎರಡಕ್ಕೂ ಯೂನಿಕೋಡ್ ಎಂಬ ಲೋಕಸಮ್ಮತವಾದ ಸಂಕೇತಪಟ್ಟಿಯಲ್ಲಿ ಸ್ಥಾನವಿದೆಯಾದರೂ, ೞಕಾರಕ್ಕೆ ಅಲ್ಲಿ 'ಫ' ಎಂದು ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಪಟ್ಟಿಯ ನಿಯಮವಾದುದರಿಂದ ಕೇಶಿರಾಜನೇ ಎದ್ದು ಬಂದರೂ ತಿದ್ದುವಂತಿಲ್ಲ. ಹೆಸರು ಹೇಗಾದರೂ ಇರಲಿ, ಅಕ್ಷರ ಕಂಡರೆ ಸಾಕು. ಕೆಲವು ಸಾಧನಗಳಲ್ಲಿ ಅದರ ಬದಲು ಬರಿಯ ಚೌಕವೊಂದು ಕಾಣುವುದುಂಟು.

ಪಾಠದ ಸ್ಥಿರತೆಯ ಪ್ರಶ್ನೆಯು ವಿಮರ್ಶಕನಿಗೆ ಇವೆಲ್ಲಕ್ಕಿಂತ ಮುಖ್ಯವಾದುದು. ಅಚ್ಚಿನ ಪುಸ್ತಕವು ಎಷ್ಟನೆಯ ಮುದ್ರಣ, ಯಾವ ವರ್ಷದ್ದು ಎಂಬುದನ್ನು ತನ್ನ ಹಣೆಯ ಮೇಲೆ ಬರೆದುಕೊಂಡಿರುತ್ತದೆ. ಎರಡನೆಯ ಮುದ್ರಣದಲ್ಲಿ ಲೇಖಕನು ತಿದ್ದಿದರೆ ಮೊದಲನೆಯದು ಯಾರದೋ ಮನೆಯಲ್ಲಿ ಸಾಕ್ಷಿಯಾಗಿ ಉಳಿದಿರುತ್ತದೆ. ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ಶಾಸ್ತ್ರವೆಲ್ಲ ನಿಂತಿರುವುದು ಇಂತಹ ಸಾಕ್ಷಿಗಳ ಮೇಲೆ. ಇಂಗ್ಲೆಂಡಿನಲ್ಲಿ ರೋಲ್ಡ್ ಡಾಲ್ ಎಂಬ ಲೇಖಕನ ಮಕ್ಕಳ ಕಥೆಗಳ ಮಾತುಗಳನ್ನು ಪ್ರಕಾಶಕರು ಕಾಲಕ್ಕೆ ತಕ್ಕಂತೆ ಮಾರ್ಪಡಿಸಿದುದು 2023ರಲ್ಲಿ ದೊಡ್ಡ ವಾದಕ್ಕೆ ಎಡೆಯಾಯಿತು. ಹಿಂದೆಯೇ ಇ-ಪುಸ್ತಕವಾಗಿ ಕೊಂಡಿದ್ದವರ ಸಾಧನಗಳಲ್ಲಿಯೂ ಹಳೆಯ ಪಾಠವು ಹೋಗಿ ಹೊಸದು ಬಂದು ಕುಳಿತಿತೆಂದು ಅಲ್ಲಿನ ಪತ್ರಿಕೆಗಳು ಆಗ ವರದಿಮಾಡಿದವು. ಮಾರ್ಪಾಡು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಕಪಾಟಿನಲ್ಲಿಟ್ಟ ಪುಸ್ತಕವು ರಾತ್ರಿ ಬೆಳಗಾಗುವುದರೊಳಗೆ ಒಡೆಯನಿಗೆ ಹೇಳದೆ ಬೇರೆ ಮಾತಾಡತೊಡಗಿದರೆ, ಅದನ್ನು ಆಧಾರವಾಗಿಟ್ಟುಕೊಂಡು ವಿಮರ್ಶೆ ಬರೆಯುವುದು ಹೇಗೆ?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಹೊಸ ಸಾಧನದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಬಹುಕಾಲದಿಂದ ಮರುಮುದ್ರಣವಿಲ್ಲದ ಗ್ರಂಥವನ್ನು ಹುಡುಕಿಕೊಂಡು ಮೈಸೂರಿಗೋ ಧಾರವಾಡಕ್ಕೋ ರೈಲು ಹತ್ತಬೇಕಾಗಿದ್ದ ಓದುಗನಿಗೆ ಅದರ ಛಾಯಾಪ್ರತಿಯು ಮನೆಯಲ್ಲಿಯೇ ದೊರೆಯುತ್ತಿದೆ. ಕಣ್ಣು ಮಂಜಾದವರಿಗೆ ದೊಡ್ಡ ಅಕ್ಷರ, ಕಣ್ಣಿಲ್ಲದವರಿಗೆ ಓದಿ ಹೇಳುವ ದನಿ, ಕಡಲಾಚೆ ನೆಲೆಸಿದ ಕನ್ನಡ ಸಂಸಾರಗಳಿಗೆ ಅಂಚೆಯ ವೆಚ್ಚವಿಲ್ಲದ ಪುಸ್ತಕ: ಇವನ್ನು ಅಚ್ಚು ಕೊಡಲಾರದು. ಸಮಗ್ರ ವಚನ ಸಂಪುಟದ 15 ಸಂಪುಟಗಳಲ್ಲಿ ಒಂದು ಶಬ್ದದ ಪ್ರಯೋಗವನ್ನು ಹುಡುಕಲು ಹಿಂದೆ ತಿಂಗಳುಗಳೇ ಬೇಕಾಗುತ್ತಿದ್ದವು. ವಚನಗಳನ್ನು ಅಂತರ್ಜಾಲದಲ್ಲಿ ಅಳವಡಿಸಿದ ಮೇಲೆ ಅದು ಕ್ಷಣದ ಕೆಲಸ. ಆದರೂ ಹುಡುಕಿ ಪಡೆದ ವಚನವು ನೆರೆಹೊರೆಯಿಲ್ಲದೆ ಒಂಟಿಯಾಗಿ ಬರುತ್ತದೆ. ಸಂಪುಟವನ್ನು ಮಗುಚುವವನ ಕಣ್ಣಿಗೆ ತಾನು ಅರಸದ ವಚನವೂ ಬೀಳುತ್ತದೆ. ಎಷ್ಟೋ ವೇಳೆ ಅರಸಿದುದಕ್ಕಿಂತ ಅದೇ ಮಿಗಿಲಾಗಿರುತ್ತದೆ.

ವಿದ್ಯುತ್ತಿನ ಬರೆವಣಿಗೆಗೂ ಗೆದ್ದಲುಂಟು. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡದಲ್ಲಿ ಬೆರಳಚ್ಚಾದ ಪುಸ್ತಕಗಳ ಕಡತಗಳಲ್ಲಿ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸುತ್ತಿದ್ದರು. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಇಂದು ಅವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಲಿಪಿಯ ರಾಶಿ. ಕಡತವೆಂಬ ಹೆಸರೇ ಇಲ್ಲಿ ಸ್ವಾರಸ್ಯವಾಗಿದೆ. ಹಿಂದೆ ಶಾನುಭೋಗರು ಲೆಕ್ಕ ಬರೆಯುತ್ತಿದ್ದ, ಮಸಿ ಬಳಿದ ಬಟ್ಟೆಯ ಮಡಿಕೆಗೆ ಕಡತವೆಂದು ಹೆಸರು. ಬಳಪದಲ್ಲಿ ಬರೆದು, ಒರಸಿ, ಮತ್ತೆ ಬರೆಯುವುದು ಅದರ ಗುಣ. ಗಣಕದ ಕಡತಕ್ಕೂ ಆ ಗುಣವು ಬಿಟ್ಟಿಲ್ಲ.

ಆದುದರಿಂದ ಜಗಳವು ಕಾಗದಕ್ಕೂ ವಿದ್ಯುತ್ತಿಗೂ ನಡುವೆ ಅಲ್ಲ. ಬೀಗವಿರುವ ಪ್ರತಿಗೂ ಬೀಗವಿಲ್ಲದ ಪ್ರತಿಗೂ ನಡುವೆ. ಮೇಲೆ ಹೇಳಿದ ಕ್ಯಾಲಿಫೋರ್ನಿಯದ ಶಾಸನವೇ ಈ ಭೇದವನ್ನು ಕಂಡುಕೊಂಡಿದೆ: ಶಾಶ್ವತವಾಗಿ ಇಳಿಸಿಕೊಂಡು ಇಟ್ಟುಕೊಳ್ಳಬಹುದಾದ ಕಡತಕ್ಕೆ ಅದು ವಿನಾಯಿತಿ ಕೊಡುತ್ತದೆ. ಭಾರತದಲ್ಲಿ ಗ್ರಂಥಸ್ವಾಮ್ಯವು ಲೇಖಕನ ಮರಣಾನಂತರ 60 ವರ್ಷಗಳವರೆಗೆ ಇರುತ್ತದೆ. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡುದರಿಂದ ಅವರ ಬರೆವಣಿಗೆಯು 2025ರ ಆರಂಭದಿಂದ ಲೋಕದ ಸ್ವತ್ತಾಗಿದೆ. ಇಂತಹವರ ಗ್ರಂಥಗಳನ್ನು ಬೀಗವಿಲ್ಲದ ಕಡತವಾಗಿ, ಯಾವ ಮುದ್ರಣದಿಂದ ಎತ್ತಿದುದೆಂಬ ಒಕ್ಕಣೆಯೊಡನೆ, ಷಟ್ಪದಿಯಾದರೆ ಪಾದ ಮುರಿಯದಂತೆ ಅಳವಡಿಸಿ ಹಂಚುವುದು ಅತ್ತಿಮಬ್ಬೆಯ ಕಾರ್ಯಕ್ಕೆ ಸಮಾನವಾದುದು. ಈಗ ಸಿಕ್ಕುವ ಕಡತಗಳಲ್ಲಿ ಮೂಲಮುದ್ರಣದ ಒಕ್ಕಣೆಯೇ ಇಲ್ಲದವು ಬೇಕಾದಷ್ಟಿವೆ. ಬದುಕಿರುವ ಲೇಖಕರ ಕೃತಿಗಳನ್ನು ಕದ್ದು ಹಂಚುವುದನ್ನು ಮಾತ್ರ ಈ ಸಾಲಿಗೆ ಸೇರಿಸಲಾಗದು. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ನಾಡಿನಲ್ಲಿ, ನೂರು ರೂಪಾಯಿಯ ಪುಸ್ತಕದ ಛಾಯಾಪ್ರತಿಯನ್ನು ಗೆಳೆಯರ ಬಳಗಕ್ಕೆ ಉಚಿತವಾಗಿ ಕಳುಹಿಸಿ ಸಾಹಿತ್ಯಸೇವೆಯೆನ್ನುವುದು ನಾಚಿಕೆಗೇಡು.

ಅಚ್ಚಿನ ಪುಸ್ತಕದ ಒಡೆಯರೂ ನಿರ್ದೋಷಿಗಳೇನಲ್ಲ. ಗಾಜಿನ ಕಪಾಟಿನಲ್ಲಿ ಬಂಗಾರದ ಬೆನ್ನಿನ ಸಂಪುಟಗಳನ್ನು ನೆಂಟರಿಗೆ ತೋರಿಸುವುದಕ್ಕಾಗಿ ನಿಲ್ಲಿಸಿ, ಎರವಲು ಕೇಳಿದವರಿಗೆ ಬೀಗದ ಕೈ ಕಾಣುತ್ತಿಲ್ಲವೆನ್ನುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಪರರ ಕೈ ಸೇರಿದ ಪುಸ್ತಕವು ಹೋಯಿತೆಂದೇ ಎಣಿಸಬೇಕೆಂದು ಹಳಬರು ಎಚ್ಚರಿಸಿದುದುಂಟು. ಓಲೆಯ ಲಿಪಿಕಾರರೂ ಎಣ್ಣೆ, ನೀರು, ಸಡಿಲವಾದ ಕಟ್ಟು ಇವುಗಳಿಂದ ಗ್ರಂಥವನ್ನು ಕಾಪಾಡಬೇಕೆಂದೂ ಮೂರ್ಖನ ಕೈಗೆ ಕೊಡಬಾರದೆಂದೂ ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ಆದರೆ ಆ ಎಚ್ಚರಿಕೆಗಳೆಲ್ಲ ಹುಟ್ಟಿದುದು ಪುಸ್ತಕವು ಕೈಯಿಂದ ಕೈಗೆ ಹೋಗುತ್ತಿದ್ದುದರಿಂದಲೇ.

ನವರಾತ್ರಿಯಲ್ಲಿ ಪುಸ್ತಕಗಳನ್ನು ಸರಸ್ವತೀಪೂಜೆಗೆ ಇಡುತ್ತಾರೆ. ಯಂತ್ರಗಳಿಗೂ ಹತ್ಯಾರುಗಳಿಗೂ ಆಯುಧಪೂಜೆ. ಓದುವ ಸಾಧನವನ್ನು ಯಾವ ದಿನ ಇಡಬೇಕೆಂಬುದು ಕೆಲವು ಮನೆಗಳಲ್ಲಿ ಇನ್ನೂ ತೀರ್ಮಾನವಾಗದ ವಿಷಯವೆಂದು ಕೇಳಿಬರುತ್ತದೆ. ಮನೆಯ ಯಜಮಾನನು ತೀರಿಕೊಂಡಾಗ ಅವನ ಕಪಾಟು ಮಕ್ಕಳ ಪಾಲಿಗೋ ಊರಿನ ವಾಚನಾಲಯಕ್ಕೋ ಸೇರುತ್ತದೆ; ಅವನ ಹೆಸರಿನಲ್ಲಿದ್ದ ಇ-ಪುಸ್ತಕಗಳ ಪರವಾನಗಿಯನ್ನು ಹಾಗೆ ಪಾಲುಮಾಡುವುದಕ್ಕೆ ಮಾರಿದವರ ಕರಾರಿನಲ್ಲಿ ಸಾಮಾನ್ಯವಾಗಿ ಎಡೆಯಿಲ್ಲ. ಹಿಂದಿನ ತಲೆಮಾರಿನವರು ಬಿಟ್ಟುಹೋದ ಜೈಮಿನಿ ಭಾರತದ ಪ್ರತಿಗಳಲ್ಲಿ, ಪದ್ಯದ ಪಕ್ಕದ ಬಿಳಿಯ ಅಂಚಿನಲ್ಲಿ, ವಾಚನಕ್ಕೆ ಆರಿಸಿದ ರಾಗದ ಹೆಸರನ್ನೂ ಉಸಿರು ನಿಲ್ಲಿಸುವ ಕಡೆಗೆ ಒಂದು ಗೀಟನ್ನೂ ಸೀಸದಕಡ್ಡಿಯಿಂದ ಗುರುತುಹಾಕಿರುವುದುಂಟು. ಕೆಲವು ಪ್ರತಿಗಳಲ್ಲಿ ಎರಡು ಕೈಬರಹಗಳು ಕಾಣುತ್ತವೆ, ರಾಗವೂ ಬೇರೆಯಾಗಿರುತ್ತದೆ.